ಬಿತ್ತನೆ ದರ್ಜೆಯ ಕಾದಂಬರಿ

ಶಿಡ್ಲಘಟ್ಟ ತಾಲ್ಲೂಕಿನಲ್ಲಿ ಹಾಲು, ರೇಷ್ಮೆ ಮತ್ತು ದ್ರಾಕ್ಷಿಯ ಉತ್ಪಾದನೆ ತೃಪ್ತಿಕರವಾಗಿದ್ದು, ಲೇಖಕರ ಉತ್ಪಾದನೆ ಮಾತ್ರ ಗುರಿಗಿಂತ ಬಹಳ ಹಿಂದುಳಿದಿದೆ ಎಂಬ ಅಂಶವು ಉದಯೋನ್ಮುಖ ಲೇಖಕರ ಅಭಿವೃದ್ಧಿ ಮಂಡಳಿಯ ವಾರ್ಷಿಕ ಸಭೆಯಲ್ಲಿ ಗಂಭೀರವಾಗಿ ಚರ್ಚೆಗೆ ಬಂತು. ಸದರಿ ಕೊರತೆಯನ್ನು ನೀಗಿಸಲು ಲೇಖಕರಿಗೆ ಸಲಕರಣೆ ಮತ್ತು ಸಹಾಯಧನ ನೀಡುವ ಯೋಜನೆಯೊಂದು ಮಂಜೂರಾಯಿತು.

ಯೋಜನೆಯ ತಾಲ್ಲೂಕು ಅಧಿಕಾರಿಯಾಗಿ ಎರವಲು ಸೇವೆಯ ಮೇಲೆ ಬಂದ ನರಸಿಂಹಮೂರ್ತಿಯವರು ಅಲ್ಲಿಯವರೆಗೆ ರೇಷ್ಮೆ ಹುಳು ಸಾಕುವವರಿಗೆ ಸಹಾಯಧನ ಹಂಚಿಯೇ ತಲೆ ನರೆಸಿಕೊಂಡವರು. ಲೇಖಕರ ಯೋಜನೆಗೆ ಇಂದೇ ಮಾರ್ಗಸೂಚಿ ಬೇಕೆಂದು ಮೇಲಿನಿಂದ ಫೋನ್ ಬಂದಾಗ ಅವರೇನೂ ಗಾಬರಿಯಾಗಲಿಲ್ಲ. ತಮ್ಮ ಹಳೆಯ ಮಾರ್ಗಸೂಚಿಯನ್ನೇ ಕಂಪ್ಯೂಟರಿನಲ್ಲಿ ತೆರೆಸಿ, 'ಹುಳು' ಎಂದಿದ್ದ ಕಡೆಯೆಲ್ಲ 'ಲೇಖಕ' ಎಂದೂ 'ಗೂಡು' ಎಂದಿದ್ದ ಕಡೆಯೆಲ್ಲ 'ಕೃತಿ' ಎಂದೂ ಬದಲಾಯಿಸಿ, ಊಟಕ್ಕೆ ಏಳುವ ಮುಂಚೆ ಕಳುಹಿಸಿಕೊಟ್ಟರು. ಕೈ ತೊಳೆದು ಬರುವಷ್ಟರಲ್ಲಿ ಅನುಮೋದನೆ ಬಂದಿತ್ತು. ಇಷ್ಟು ಪ್ರಾಯೋಗಿಕವಾದ ಮಾರ್ಗಸೂಚಿ ಬೇರಾವ ತಾಲ್ಲೂಕಿನಿಂದಲೂ ಬಂದಿಲ್ಲವೆಂಬ ಪ್ರಶಂಸೆಯೂ ಜೊತೆಗಿತ್ತು.

ಜಂಗಮಕೋಟೆಯ ಜ್ಯೋತಿಲಕ್ಷ್ಮಿ ಬೆಳಿಗ್ಗೆ ಸಂಜೆ ಹಾಲಿನ ಡೈರಿಯಲ್ಲಿ ಲೆಕ್ಕ ಬರೆಯುವವಳು. ಮಿಕ್ಕ ಹೊತ್ತಿನಲ್ಲಿ ಕಾದಂಬರಿ ಬರೆಯುವವಳು. ಆದರೆ ಮಿಕ್ಕ ಹೊತ್ತು ಎಂಬುದು ಆ ಮನೆಯಲ್ಲಿ ಅವಳಿಗೆ ಮಿಕ್ಕಿದ್ದೇ ಇಲ್ಲ. ಸ್ಕಂದಗಿರಿಯ ಬುಡದಲ್ಲಿ ಟೀ ಅಂಗಡಿ ಇಟ್ಟುಕೊಂಡ ರಾಮಲಕ್ಷ್ಮಮ್ಮ ಎಂಬಾಕೆ, ಬೆಟ್ಟ ಹತ್ತಲು ಬರುವ ಪೇಟೆ ಹುಡುಗರಿಗೆಲ್ಲ ಟೀ ಕೊಟ್ಟೂ ಕೊಟ್ಟೂ, ಒಂದು ದಿನ ಸ್ಟವ್ ಆರಿಸಿ, ಅಂಗಡಿಗೆ ಬೀಗ ಜಡಿದು ತಾನೇ ಬೆಟ್ಟ ಹತ್ತಲು ಹೊರಡುತ್ತಾಳೆ. ಇದು ಕಥೆ. ಪಾಪ, ರಾಮಲಕ್ಷ್ಮಮ್ಮ ಎಷ್ಟೋ ವರ್ಷದಿಂದ ಅರ್ಧ ಬೆಟ್ಟದಲ್ಲೇ ನಿಂತಿದ್ದಳು. ಅವಳನ್ನು ಮೇಲೆ ಹತ್ತಿಸಬೇಕು, ಯಾರೋ ಮುಖ ಗೊತ್ತಿಲ್ಲದವರು ಬಸ್ಸಿನಲ್ಲಿ ಕೂತು ಅದನ್ನು ಓದುತ್ತಾ ತಮ್ಮ ಸ್ಟಾಪ್ ಮರೆಯಬೇಕು. ಜ್ಯೋತಿಲಕ್ಷ್ಮಿಗೆ ಈ ಜನ್ಮದಲ್ಲಿ ಬೇಕಾಗಿದ್ದದ್ದು ಇಷ್ಟೇ.

ಯೋಜನೆಯ ಸುದ್ದಿ ಕೇಳಿ ಅವಳು ಶಿಡ್ಲಘಟ್ಟಕ್ಕೆ ಹೋದಳು.

"ಎಷ್ಟನೇ ಬೆಳೆ?" ಎಂದರು ನರಸಿಂಹಮೂರ್ತಿ.

"ಮೊದಲನೇದು ಸಾರ್. ಕಾದಂಬರಿ."

"ಲೇಖಕಮನೆ ಇದ್ಯೇನಮ್ಮ? ಪ್ರತ್ಯೇಕವಾಗಿರ್ಬೇಕು, ಗಾಳಿ ಆಡ್ಬೇಕು, ಕಿಟಕಿಗೆಲ್ಲ ನೈಲಾನ್ ಪರದೆ ಇರ್ಬೇಕು. ಊಜಿ ನೊಣ ಬಂದು ಲೇಖಕರ ಮೇಲೆ ಮೊಟ್ಟೆ ಇಟ್ರೆ ಆಮೇಲೆ ಮಂಡಳಿ ಜವಾಬ್ದಾರಿ ಅಲ್ಲ."

"ಮನೆಯವರ ಹುಳುಮನೆ ಖಾಲಿ ಇದೆ ಸಾರ್. ದುಡ್ಡಿನ ಸಹಾಯ ಹೇಗೆ ಸಿಗುತ್ತೆ?"

"ಮೂರು ದಾರಿ ಇದೆ. ಸ್ವಂತ ದುಡ್ಡು, ಬ್ಯಾಂಕ್ ಸಾಲ, ಸಹಾಯಧನ. ಮೊದಲು ಸ್ವಂತ ದುಡ್ಡು ಹಾಕ್ಬೇಕು. ಹಾಕಿದ್ದನ್ನ ತೋರಿಸಿದ್ರೆ ಸಾಲ ಕೊಡ್ತಾರೆ. ಸಾಲ ಪೂರ್ತಿ ತೀರಿಸಿದ್ರೆ ಸಹಾಯಧನ."

"ಎಲ್ಲಾ ತೀರಿಸಿದ ಮೇಲೆ ಇನ್ಯಾತಕ್ಕೆ ಸಾರ್ ಸಹಾಯ?"

"ಪ್ರೋತ್ಸಾಹಕ್ಕಮ್ಮ," ಎಂದು ನರಸಿಂಹಮೂರ್ತಿಯವರು ತಾಳ್ಮೆಯಿಂದ ಹೇಳಿದರು.

ಸಲಕರಣೆಯ ಕಿಟ್ಟು ಮಾತ್ರ ಕೂಡಲೇ ಸಿಕ್ಕಿತು. ಅದನ್ನು ಸರಬರಾಜು ಮಾಡುವ ಅಂಗಡಿ ಅಧಿಕಾರಿಗಳ ಷಡ್ಡಕನದಾದ್ದರಿಂದ ವಿಳಂಬಕ್ಕೆ ಅವಕಾಶವೇ ಇರಲಿಲ್ಲ. ಕಿಟ್ಟಿನಲ್ಲಿ ಬ್ಲೀಚಿಂಗ್ ಪೌಡರ್, ಸುಣ್ಣದ ಪುಡಿ, ಔಷಧಿ ಹೊಡೆಯುವ ಪಂಪು, ಸೊಪ್ಪು ಕತ್ತರಿಸುವ ಕತ್ತಿ ಮತ್ತು ಗೋಡೆಗೆ ತೂಗುಹಾಕುವ ಥರ್ಮಾಮೀಟರ್ ಇದ್ದವು. ಪೆನ್ನು ಇರಲಿಲ್ಲ. ಪೆನ್ನು ಎರಡನೇ ಹಂತಕ್ಕೆ ಸೇರಿದ್ದು, ಬ್ಲೀಚಿಂಗ್ ಪೌಡರ್ ಪೂರ್ತಿ ಬಳಕೆಯಾಗಿದೆ ಎಂದು ಪ್ರಮಾಣಪತ್ರ ಸಲ್ಲಿಸಿದ ನಂತರವೇ ಬಿಡುಗಡೆಯಾಗತಕ್ಕದ್ದು. ಜ್ಯೋತಿಲಕ್ಷ್ಮಿ ಡೈರಿಯ ಪೆನ್ನನ್ನೇ ತಂದುಕೊಂಡಳು.

ಗಂಡ ಚಿರಂಜೀವಿಯ ವಿಷಯ ಇಲ್ಲಿ ಹೇಳಲೇಬೇಕು. ಅಲ್ಲಿಯವರೆಗೆ ಅವನು ಹೆಂಡತಿ ಬರೆಯುವುದನ್ನು ಕಂಡಾಗಲೆಲ್ಲ "ಬರ್ದು ಯಾರ್ನ ಉದ್ಧಾರ ಮಾಡ್ಬೇಕು?" ಎನ್ನುತ್ತಿದ್ದ. ಮಾರ್ಗಸೂಚಿ ಓದಿದ್ದೇ ತಡ, ಆಸಾಮಿ ಬದಲಾಗಿಬಿಟ್ಟ. ಇದು ಅವನಿಗೆ ತಿಳಿದ ಕಸುಬು. ಜಂಗಮಕೋಟೆಯಲ್ಲಿ ಅವನಷ್ಟು ಕಾಳಜಿಯಿಂದ ಹುಳು ನೋಡಿಕೊಳ್ಳುವವರು ಬೇರೆ ಯಾರೂ ಇರಲಿಲ್ಲ. ಹುಳುಮನೆಗೆ ಸುಣ್ಣ ಹೊಡೆದ, ಪರದೆ ಬಿಗಿದ, ಬಾಗಿಲಲ್ಲಿ ಕಾಲು ಅದ್ದುವ ತಟ್ಟೆ ಇಟ್ಟ, ಡೈರಿಗೆ ರಜೆ ಹೇಳಿ, ಹೆಂಡತಿಯ ಫೋನನ್ನು ಕಿತ್ತುಕೊಂಡು ಒಳಗೆ ಕೂರಿಸಿದ. ನಾದಿನಿ ಮಕ್ಕಳನ್ನು ಕರೆದುಕೊಂಡು ರಜೆಗೆ ಬಂದರೆ ಗೇಟಿನಲ್ಲೇ ತಡೆದ.

"ಒಳಗೆ ಬೆಳೆ ಐತಮ್ಮ. ಸೋಂಕು ತಗಲ್ತದೆ. ಇನ್ನೊಂದ್ಸಲ ಬರೋರಂತೆ."

ನಾದಿನಿ ಬೇಜಾರು ಮಾಡಿಕೊಳ್ಳಲಿಲ್ಲ. ಬೆಳೆ ಎಂದ ಮೇಲೆ ಆ ಸೀಮೆಯಲ್ಲಿ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಹೀಗೆ ಜ್ಯೋತಿಲಕ್ಷ್ಮಿಗೆ ಬಾಗಿಲು ಹಾಕಿಕೊಳ್ಳುವ ಕೋಣೆ, ಹೊತ್ತು ಹೊತ್ತಿಗೆ ಊಟ, ಕರೆಯದ ಜನ, ಮಾತಾಡದ ಫೋನು ಎಲ್ಲವೂ ಒಟ್ಟಿಗೇ ಒದಗಿ ಬಂದವು. ಮದುವೆಯಾದ ಮೇಲೆ ಅವಳು ಇಷ್ಟು ಸುಖಪಟ್ಟಿರಲಿಲ್ಲ. ಬರೆದಳು, ಹೊಡೆದು ಹಾಕಿದಳು, ಮತ್ತೆ ಬರೆದಳು. ರಾಮಲಕ್ಷ್ಮಮ್ಮ ಸೆರಗು ಸಿಕ್ಕಿಸಿ ಸರಸರ ಬೆಟ್ಟ ಹತ್ತತೊಡಗಿದಳು.

ಮಧ್ಯೆ ಒಮ್ಮೆ ಮಾತ್ರ ಬರಹ ನಿಂತಿತು. ಜ್ಯೋತಿಲಕ್ಷ್ಮಿ ಪೆನ್ನು ಕೆಳಗಿಟ್ಟು, ತಲೆ ಎತ್ತಿ, ಗೋಡೆ ನೋಡುತ್ತಾ ಕುಳಿತಳು. ಪರದೆಯಾಚೆಯಿಂದ ಇಣುಕಿದ ಚಿರಂಜೀವಿ ತಕ್ಷಣ ಗುರುತು ಹಿಡಿದ. ಪೊರೆ ಬಿಡುವ ಮುಂಚೆ ಹುಳುಗಳೂ ಹೀಗೇ ಮೇವು ಬಿಟ್ಟು ತಲೆ ಎತ್ತಿ ನಿಲ್ಲುತ್ತವೆ.

"ಜ್ವರಕ್ಕೆ ಕೂತವ್ಳೆ. ಪೊರೆ ಬಿಡೋ ಟೈಮು. ಯಾರೂ ಮೇವು ಹಾಕ್ಬೇಡಿ."

"ರೀ, ನಂಗೆ ಹಸಿವಾಗ್ತಿದೆ," ಎಂದಳು ಜ್ಯೋತಿಲಕ್ಷ್ಮಿ ಒಳಗಿನಿಂದ.

"ಆಗ್ತದೆ, ಆಗ್ತದೆ. ಜ್ವರ ಎದ್ದ ಮೇಲೆ ಜಾಸ್ತಿ ಕೊಡ್ತೀನಿ," ಎಂದು ಅವನು ಮಮತೆಯಿಂದಲೇ ಹೇಳಿ ಹೋದ.

ಅತ್ತೆ ಅಶ್ವತ್ಥಮ್ಮನಿಗೆ ಕರುಳು ಚುರುಕ್ ಎಂದಿತು. ಮಗ ತೋಟದ ಕಡೆ ಹೋದದ್ದು ನೋಡಿಕೊಂಡು, ಪರದೆಯ ಮೂಲೆ ಬಿಚ್ಚಿ, ಮುದ್ದೆ ಮತ್ತು ಹುರುಳಿ ಸಾರು ಒಳಗೆ ತಳ್ಳಿದರು. ಸೊಸೆ ತಿನ್ನುವಾಗ ಸುಮ್ಮನೆ ಕೂರಲಾರದೆ, "ಏನ್ ಬರೀತಿದ್ದೀಯೇ ಅಷ್ಟೊಂದು?" ಎಂದು ಕೇಳಿದರು. ಜ್ಯೋತಿಲಕ್ಷ್ಮಿ ಓದಿ ಹೇಳಿದಳು. ಅಶ್ವತ್ಥಮ್ಮ ಸೆಗಣಿ ಬಾಚುವುದನ್ನು ಮರೆತು ಅಲ್ಲೇ ಕುಕ್ಕರಿಸಿ ಕೂತರು. ಮಾರನೆಯ ದಿನವೂ ಬಂದರು. ಅದರ ಮಾರನೆಯ ದಿನ ಪಕ್ಕದಲ್ಲಿ ಚಾಪೆಯೂ ಬಂತು.

"ಅಬ್ಬೋ, ಆ ಬಂಡೆ ಹತ್ತಿರ ಕಾಲು ಜಾರಿದ್ರೆ ಏನೇ ಗತಿ ಆಯಮ್ಮಂದು? ವಾಪಸ್ ಇಳೀತಾಳಾ ಇಲ್ವಾ?"

"ನಂಗೂ ಇನ್ನೂ ಗೊತ್ತಿಲ್ಲ ಅತ್ತೆ. ಬರೀಬೇಕು."

ಅಷ್ಟರಲ್ಲಿ ನರಸಿಂಹಮೂರ್ತಿಯವರು ತಪಾಸಣೆಗೆ ಬಂದರು. ಕಾಲು ಅದ್ದಿಕೊಂಡು ಒಳಗೆ ಹೋಗಿ, ಜ್ಯೋತಿಲಕ್ಷ್ಮಿಯನ್ನು ಬೆಳಕಿಗೆ ತಿರುಗಿ ಕೂರಲು ಹೇಳಿ, ಅವಳ ಕಣ್ಣ ಕೆಳಗಿನ ಕಪ್ಪು, ಕೆದರಿದ ತಲೆ, ತನ್ನಷ್ಟಕ್ಕೆ ತಾನೇ ಅಲ್ಲಾಡುವ ತುಟಿ ಎಲ್ಲವನ್ನೂ ನೋಡಿ, "ಹಣ್ಣಾಗಿದಾರೆ," ಎಂದು ಷರಾ ಬರೆದರು. ಹಣ್ಣಾದ ಲೇಖಕರನ್ನು ಚಂದ್ರಿಕೆಗೆ ಬಿಡತಕ್ಕದ್ದು, ಕೃತಿ ಕಟ್ಟುವ ಅವಧಿಯಲ್ಲಿ ಸದ್ದು, ಮಾತುಕತೆ ಸಂಪೂರ್ಣ ನಿಷಿದ್ಧ. ಚಿರಂಜೀವಿ ಹುಳುಗಳು ಗೂಡು ಕಟ್ಟುವ ಬಿದಿರಿನ ದೊಡ್ಡ ಚಂದ್ರಿಕೆಯೊಂದನ್ನು ತಂದು ಹೆಂಡತಿಯ ಬೆನ್ನಿಗೆ ಆನಿಸಿ ನಿಲ್ಲಿಸಿದ. ಅಶ್ವತ್ಥಮ್ಮನ ಚಾಪೆ ಎತ್ತಿಸಲಾಯಿತು. ಕೊನೆಯ ಅಧ್ಯಾಯವನ್ನು ಜ್ಯೋತಿಲಕ್ಷ್ಮಿ ಯಾರಿಗೂ ಓದಿ ಹೇಳದೆ ಬರೆದು ಮುಗಿಸಿದಳು. ಮುಗಿಸಿ ಒಬ್ಬಳೇ ಅತ್ತಳು. ಅಷ್ಟು ಚೆನ್ನಾಗಿ ಬಂದಿತ್ತು.

ಕೃತಿ ಮಾರುಕಟ್ಟೆಯ ದಿನ ಹಸ್ತಪ್ರತಿಯ ಲಾಟುಗಳನ್ನೆಲ್ಲ ಸಾಲಾಗಿ ತಟ್ಟೆಗಳಲ್ಲಿ ಹರಡಿದ್ದರು. ಗೌರಿಬಿದನೂರಿನ ನಿವೃತ್ತ ಇಂಜಿನಿಯರೊಬ್ಬರ ಆತ್ಮಕಥೆಯನ್ನು ಹೊರಲು ಇಬ್ಬರು ಬೇಕಾಯಿತು. ಚಿಂತಾಮಣಿಯಲ್ಲಿ ಪುಸ್ತಕದ ಅಂಗಡಿ ಇಟ್ಟು, ಆಗಾಗ ತಾವೇ ಪುಸ್ತಕ ಅಚ್ಚು ಹಾಕಿಸುವ ಮುನಿಶಾಮಪ್ಪ ಎಂಬುವರು ಒಂದೊಂದೇ ತಟ್ಟೆ ದಾಟಿ ಬಂದು ಜ್ಯೋತಿಲಕ್ಷ್ಮಿಯ ಮುಂದೆ ನಿಂತರು. ಮೊದಲ ಹಾಳೆ ಎತ್ತಿಕೊಂಡರು. ನಿಂತಲ್ಲೇ ಎರಡನೆಯದಕ್ಕೆ ಕೈ ಹಾಕಿದರು. ಹಿಂದಿನವರು ತಳ್ಳಿದರೂ ಕದಲಲಿಲ್ಲ. ಜ್ಯೋತಿಲಕ್ಷ್ಮಿ ಮೂರನೆಯ ಹಾಳೆಯನ್ನು ಅವರ ಕೈಗೆ ಸಿಗುವಂತೆ ಮುಂದೆ ಸರಿಸಿದಳು.

"ಏನಮ್ಮ ತಾಯಿ, ಎಲ್ಲಿದ್ದೆ ನೀನು ಇಷ್ಟು ದಿನ? ಸಾವಿರ ಪ್ರತಿ ಹಾಕಿಸ್ತೀನಿ, ನಮ್ಮ ಬಸ್ ಸ್ಟ್ಯಾಂಡಲ್ಲೇ ಖರ್ಚಾಗೋಗ್ತವೆ," ಎಂದರು ಮುನಿಶಾಮಪ್ಪ.

"ದರ್ಜೆ ಆಗೋ ಮುಂಚೆ ಓದ್ಬಾರ್ದು ರೀ," ಎಂದು ನರಸಿಂಹಮೂರ್ತಿಯವರು ಅವರ ಕೈಯಿಂದ ಹಾಳೆ ತೆಗೆದುಕೊಂಡರು.

ದರ್ಜೆ ನಿರ್ಧಾರ ಕ್ರಮಬದ್ಧವಾಗಿ ನಡೆಯಿತು. ಇಂಜಿನಿಯರ ಆತ್ಮಕಥೆಯನ್ನು ತೂಗಿ, ಹಿಸುಕಿ ನೋಡಿ, ವಾಣಿಜ್ಯ ದರ್ಜೆ ಎಂದು ಘೋಷಿಸಿ, ಜಿಲ್ಲೆಯ ಎಲ್ಲ ಗ್ರಂಥಾಲಯಗಳಿಗೂ ಹಂಚಲು ಆದೇಶವಾಯಿತು. ಜ್ಯೋತಿಲಕ್ಷ್ಮಿಯ ಕಾದಂಬರಿಯನ್ನು ನರಸಿಂಹಮೂರ್ತಿಯವರು ಕಿವಿಯ ಹತ್ತಿರ ಹಿಡಿದು, ಒಳಗೆ ಜೀವ ಆಡುತ್ತಿದೆಯೇ ಎಂದು ಅಲ್ಲಾಡಿಸಿದರು. ಇನ್ನೊಮ್ಮೆ ಅಲ್ಲಾಡಿಸಿದರು. ಅವರ ಮುಖ ಅರಳಿತು.

"ಈ ತಾಲ್ಲೂಕಲ್ಲಿ ಇಂಥಾ ಫಸಲು ನಾನು ನೋಡಿಲ್ಲ. ಬಿತ್ತನೆ ದರ್ಜೆ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಚಿರಂಜೀವಿ ಕಣ್ಣೊರೆಸಿಕೊಂಡ. ಅವನ ಹುಳು ಎಂದೂ ಬಿತ್ತನೆ ದರ್ಜೆ ಮುಟ್ಟಿರಲಿಲ್ಲ.

"ಹಾಗಾದ್ರೆ ಅಚ್ಚಿಗೆ ಕೊಡಿ ಸಾರ್," ಎಂದರು ಮುನಿಶಾಮಪ್ಪ.

"ಅಚ್ಚಿಗೆ ಹೇಗ್ ಕೊಡೋಕಾಗ್ತದೆ? ಬಿತ್ತನೆ ಕೃತಿನ ಬಿಚ್ಚೋ ಹಾಗಿಲ್ಲ. ಬಿಚ್ಚಿದ್ರೆ, ಓದಿದ್ರೆ, ಓದಿ ಹೇಳಿದ್ರೆ, ಕಾಯಿದೆ ಪ್ರಕಾರ ಅಪರಾಧ. ಇದು ಶೈತ್ಯಾಗಾರಕ್ಕೆ ಹೋಗ್ತದೆ. ಇದರಿಂದ ಮುಂದಿನ ಸಾಲಿಗೆ ನಾನೂರು ಲೇಖಕರನ್ನ ತಯಾರು ಮಾಡ್ಬೇಕು."

"ಓದದೆ ಹೇಗ್ ಸಾರ್ ತಯಾರಾಗ್ತಾರೆ?" ಎಂದಳು ಜ್ಯೋತಿಲಕ್ಷ್ಮಿ.

"ಅದು ತಾಂತ್ರಿಕ ವಿಷಯಮ್ಮ," ಎಂದರು ನರಸಿಂಹಮೂರ್ತಿ.

ಮುನಿಶಾಮಪ್ಪನವರು ಸ್ವಲ್ಪ ಹೊತ್ತು ಯೋಚಿಸಿ, ಬಿತ್ತನೆ ಎಂದ ಮೇಲೆ ಅದೂ ನ್ಯಾಯವೇ ಎಂದು ಒಪ್ಪಿ, ಆತ್ಮಕಥೆಯ ನೂರು ಪ್ರತಿಗೆ ಮುಂಗಡ ಕೊಟ್ಟು ಹೋದರು. ಜ್ಯೋತಿಲಕ್ಷ್ಮಿಗೆ ಶಾಲು, ಪೇಟ, ಫಲಕ ಕೊಟ್ಟರು. ಅವಳ ಫೋಟೋ ಇರುವ ಫ್ಲೆಕ್ಸ್ ಜಂಗಮಕೋಟೆ ಕ್ರಾಸಿನಲ್ಲಿ ಎದ್ದಿತು: 'ತಾಲ್ಲೂಕಿನ ಅತ್ಯುತ್ತಮ ಕಾದಂಬರಿಕಾರ್ತಿಗೆ ಅಭಿನಂದನೆಗಳು.' ಡೈರಿಗೆ ಹಾಲು ಹಾಕಲು ಬಂದವರೆಲ್ಲ ಕೈಮುಗಿದು, ನಿಮ್ಮ ಕಾದಂಬರಿ ಬಹಳ ಚೆನ್ನಾಗಿದೆಯಂತೆ ಎಂದರು. ಮೊದಮೊದಲು ಅವಳು ಮುಖ ತಿರುಗಿಸಿ ಲೆಕ್ಕ ಬರೆಯುತ್ತಿದ್ದಳು. ಆಮೇಲೆ ಹೌದಂತೆ ಎನ್ನಲು ಅಭ್ಯಾಸವಾಯಿತು.

ಒಂದು ಸಂಜೆ ಅವರೆಕಾಯಿ ಬಿಡಿಸುತ್ತಾ ಕುಳಿತಿದ್ದ ಅಶ್ವತ್ಥಮ್ಮ ಸೊಸೆಯ ಹತ್ತಿರ ಸರಿದರು. ಸುತ್ತಮುತ್ತ ಯಾರೂ ಇರಲಿಲ್ಲ.

"ಅಲ್ವೇ ಜ್ಯೋತಿ, ಆಯಮ್ಮ ಬೆಟ್ಟ ಇಳಿದ್ಲಾ?"

ಜ್ಯೋತಿಲಕ್ಷ್ಮಿಗೆ ಒಮ್ಮೆಗೇ ಎದೆ ತುಂಬಿ ಬಂತು. ಕೇಳುವವರು ಒಬ್ಬರಿದ್ದರು. ಕೊನೆಯ ಅಧ್ಯಾಯ ಅಕ್ಷರ ಅಕ್ಷರವೂ ನಾಲಿಗೆಯ ತುದಿಯಲ್ಲಿತ್ತು. ಬಾಯಿ ತೆರೆದಳು. ಆಮೇಲೆ ಕಾಯಿದೆ ನೆನಪಾಗಿ ಮುಚ್ಚಿದಳು.

"ಹೇಳೋ ಹಾಗಿಲ್ಲ ಅತ್ತೆ. ಬಿತ್ತನೆ."

ಅಶ್ವತ್ಥಮ್ಮ ಕೈಯಲ್ಲಿದ್ದ ಕಾಯಿಯನ್ನು ಬಿಡಿಸಿ ಕಾಳನ್ನು ಮೊರಕ್ಕೆ ಹಾಕಿದರು.

"ಹೌದಲ್ವಾ, ಮರ್ತೇಹೋಗಿತ್ತು. ಬಿತ್ತನೆ ರಾಗಿನ ಯಾರಾದ್ರೂ ಬೀಸ್ಕೊಂಡು ತಿಂತಾರಾ?" ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡು, ಸಿಪ್ಪೆಯನ್ನು ಮಡಿಲಲ್ಲಿ ತುಂಬಿಕೊಂಡು ಹಸುವಿಗೆ ಹಾಕಲು ಎದ್ದು ಹೋದರು.