ಅಕ್ಕನ ಕೈಗುಣ, ನನ್ನ ಮೈ

ಅಕ್ಕ ಫಿಜಿಯೋಥೆರಪಿ ಓದುತ್ತಿದ್ದಳು, ನಾನು ಎಸ್ಸೆಸ್ಸೆಲ್ಸಿ ಫೇಲಾಗಿ ಮನೆಯಲ್ಲಿದ್ದೆ. ಇಂಥ ಇಬ್ಬರು ಪೀರನವಾಡಿಯ ಒಂದೇ ಸೂರಿನಡಿ ಇದ್ದರೆ ದಿನಕ್ಕೊಂದು ಭಾನಗಡಿ ಆಗದೆ ಇನ್ನೇನು? ಅಪ್ಪನಿಗಂತೂ ಅವಳ ಓದಿನ ಮೇಲೆ ನಂಬಿಕೆಯೇ ಇರಲಿಲ್ಲ.

"ಕೈಕಾಲ ಒತ್ತಾಕ ಕಾಲೇಜ ಯಾಕ ಬೇಕು? ಪಾಸಾಗಿ ದವಾಖಾನಿ ಹಾಕು. ದೀಪಾವಳಿತನಕ ಮಂದಿ ಬಂದ್ರ ಸರಿ, ಇಲ್ಲಂದ್ರ ಅಕ್ಕಿಕಾಳು ಹಾಕಿಬಿಡ್ತೀನಿ" ಎಂದಿದ್ದ. ಅಕ್ಕನಿಗೆ ಬೇಕಾಗಿದ್ದು ದವಾಖಾನೆ, ಗಂಡನಲ್ಲ.

ಬೆನ್ನ ಮೇಲಿನ ನಕಾಶೆ

ಸ್ನಾಯುಗಳ ಹೆಸರು ಬಾಯಿಪಾಠ ಮಾಡಲು ಅಕ್ಕನಿಗೆ ಒಂದು ಬೆನ್ನು ಬೇಕಿತ್ತು. ನನ್ನದು ಖಾಲಿ ಇತ್ತು. ಸ್ಕೆಚ್ ಪೆನ್ನಿನಿಂದ ಕೆಂಪು, ಹಸಿರು ಗೆರೆ ಎಳೆದು ಇಂಗ್ಲಿಷಿನಲ್ಲಿ ಹೆಸರು ಬರೆದಳು. ಸಂಜೆ ಬಾವಿಗೆ ಈಜಲು ಹೋಗಿ ಅಂಗಿ ತೆಗೆದೆ. ಗೆಳೆಯರು ಗಾಬರಿಯಾದರು.

"ಏನಲೇ ಇದು?"

"ನಾಳೆ ಆಪರೇಷನ್ ಐತಿ. ಎಲ್ಲೆಲ್ಲಿ ಕೊಯ್ಯೂದು ಅಂತ ಗುರುತು ಹಾಕ್ಯಾರ."

ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಓಣಿಯ ಹೆಂಗಸರು ಬಾಳೆಹಣ್ಣು, ಬಿಸ್ಕೀಟು ಹಿಡಿದು ಅವ್ವನ ಮುಂದೆ ಕಣ್ಣೀರು ಹಾಕುತ್ತಿದ್ದರು. ಅವ್ವ ಹಣ್ಣು ಇಸಿದುಕೊಂಡು ಎಲ್ಲರನ್ನೂ ಕಳಿಸಿದಳು, ಬಾಗಿಲು ಹಾಕಿದಳು, ಆಮೇಲೆ ಕಸಬರಿಗೆ ತಗೊಂಡು ಆಪರೇಷನ್ ಮಾಡಿದಳು. ಗುರುತು ಹಾಕಿದ ಒಂದು ಜಾಗವನ್ನೂ ಬಿಡಲಿಲ್ಲ.

ಐದು ನಿಮಿಷದ ಲಕ್ವಾ

ಕಡೆಯ ಪ್ರಾಕ್ಟಿಕಲ್ ಪರೀಕ್ಷೆಗೆ ಅಕ್ಕ ನನ್ನನ್ನೇ ರೋಗಿ ಮಾಡಿ ಬೆಳಗಾವಿಗೆ ಕರೆದೊಯ್ದಳು. ಬಲಗಡೆ ಲಕ್ವಾ ಹೊಡೆದವನಂತೆ ನಾನು ಮಲಗಿರಬೇಕು, ಅವಳು ವ್ಯಾಯಾಮ ಮಾಡಿಸಬೇಕು. "ನೀ ಏನೂ ಮಾಡಬ್ಯಾಡಪಾ, ಸುಮ್ನ ಬಿದ್ದಿರು" ಎಂದು ಬಸ್ಸಿನಲ್ಲೇ ಕೈಮುಗಿದಿದ್ದಳು. ಆದರೆ ಹೆಚ್ಚು ಗುಣವಾದರೆ ಹೆಚ್ಚು ಮಾರ್ಕು ಎಂದು ನನ್ನ ಲೆಕ್ಕ. ಅವಳು ಎರಡು ಸಲ ಕೈ ಎತ್ತಿ ಇಳಿಸುತ್ತಿದ್ದಂತೆ ನಾನು ಎದ್ದು ಕೂತೆ, ಕೆಳಗಿಳಿದೆ, ನಡೆದುಹೋಗಿ ಪರೀಕ್ಷಕರ ಕಾಲಿಗೆ ಬಿದ್ದೆ: "ಭಾರಿ ಕೈಗುಣ ಐತ್ರೀ ಈ ಡಾಕ್ಟರ್ ಬಾಯಾರ್ದು."

ಪರೀಕ್ಷಕರು ಕನ್ನಡಕ ತೆಗೆದರು. "ಇಷ್ಟು ವರ್ಷ ಆತು, ಈ ವಿದ್ಯೆ ನನಗೂ ಬಂದಿಲ್ಲವ್ವಾ. ವಾರ್ಡಿನಿಂದ ಖರೇ ಪೇಷಂಟ್ ತರಸ್ತೀನಿ, ಇನ್ನೊಮ್ಮೆ ತೋರಸು."

ಅಕ್ಕ ಹೇಗೋ ಪಾಸಾದಳು. ಮರಳಿ ಬರುವಾಗ ಮಾತ್ರ ನನ್ನ ಬಲಗೈ ಖರೇನೇ ಏಳುತ್ತಿರಲಿಲ್ಲ. ಅಷ್ಟು ಜೋರಾಗಿ ತಿರುವಿದ್ದಳು.

ಅತ್ತೆಯ ಮೊಣಕಾಲು

ಖಾನಾಪುರದ ಬಸ್ ಸ್ಟ್ಯಾಂಡಿನ ಬಾಜು ಅಕ್ಕ ದವಾಖಾನೆ ಹಾಕಿದಳು. ಮಂದಿ ಬರುತ್ತಿದ್ದರು, ಬಸ್ಸು ಎಷ್ಟಕ್ಕೆ ಎಂದು ಕೇಳಲು. ದೀಪಾವಳಿ ಹತ್ತಿರ ಬಂತು. ಆಗ ಸಿಕ್ಕವಳು ಮೊಣಕಾಲು ನೋವಿನ ಒಬ್ಬ ಮುದುಕಿ. ಸೊಸೆಯೂ ಜೊತೆಗಿದ್ದಳು. ಮಲಗಿ ಕಾಲು ಎತ್ತುವುದನ್ನು ಅಕ್ಕ ತೋರಿಸಿಕೊಟ್ಟು, "ದಿನಾ ತಪ್ಪದ ಮಾಡಬೇಕ್ರೀ ಆಯಿ" ಎಂದು ಕಳಿಸಿದಳು.

ಎರಡು ವಾರ ಬಿಟ್ಟು ಇಬ್ಬರೂ ಮತ್ತೆ ಬಂದರು. ಅವತ್ತೇ ಅಪ್ಪನೂ ಪರೀಕ್ಷೆ ಮಾಡುವವನಂತೆ ಬಂದು ಕುಂತಿದ್ದ.

"ಒಂದ ದಿನಾನೂ ಬಿಟ್ಟಿಲ್ಲ. ಆದ್ರೂ ಮೊಣಕಾಲ ಹಂಗ ಐತಿ" ಎಂದಳು ಮುದುಕಿ. ಅಪ್ಪ ಅಕ್ಕನನ್ನು ನೋಡಿ ಗಂಟಲು ಸರಿಮಾಡಿಕೊಂಡ.

"ಹೆಂಗ ಮಾಡ್ತೀರಿ, ತೋರಸ್ರಿ ಆಯಿ."

ಮುದುಕಿ ಸೊಸೆಯ ಕಡೆ ತಿರುಗಿದಳು. "ಏ, ಬಾ ಇಲ್ಲಿ. ಮಾಡಿ ತೋರಸು."

ಸೊಸೆ ಮಲಗಿ ಸರಾಗವಾಗಿ ಕಾಲು ಎತ್ತಿದಳು.

"ನೀವು ಮಾಡಲಿಲ್ಲೇನ್ರೀ?"

"ಮನಿಯಾಗ ಇಂಥಾ ಸೊಸಿ ಇದ್ದಾಗ ನಾ ಯಾಕ ಮಾಡ್ಲಿ? ಮಂದಿ ಏನಂದಾರು?"

ಸೊಸೆ ಮೆಲ್ಲಗೆ ಹೇಳಿದಳು, "ನನ್ನ ಟೊಂಕನೋವು ಮಾತ್ರ ಪೂರಾ ಹೋತ್ರೀ ಬಾಯಾರ."

ಆ ವಾರವೇ ಅವಳ ಓಣಿಯ ಸೊಸೆಯಂದಿರೆಲ್ಲ ಅತ್ತೆಯ ಮೊಣಕಾಲಿನ ನೆಪ ಹೇಳಿ ಬರತೊಡಗಿದರು. ಬೆಂಚು ಸಾಲಲಿಲ್ಲ. ದೀಪಾವಳಿಗೆ ಅಪ್ಪ ಅಕ್ಕಿಕಾಳಿನ ಸುದ್ದಿ ಎತ್ತಲಿಲ್ಲ. ಬದಲಿಗೆ ತನ್ನ ಹಳೇ ಟೊಂಕನೋವನ್ನು ಅಕ್ಕನಿಗೆ ತೋರಿಸಿಕೊಂಡ. ಅವಳು ಅದೇ ವ್ಯಾಯಾಮ ಹೇಳಿಕೊಟ್ಟಳು. ಅಪ್ಪ ಗಮನವಿಟ್ಟು ಕೇಳಿ, ನನ್ನ ಕಡೆ ತಿರುಗಿದ.

"ಏನ ನೋಡ್ತಿ? ಮಲಕೊಂಡು ಕಾಲ ಎತ್ತು."