ತಲೆ ಕಾಣದ ಉಣ್ಣೆ

ಸಂಪತ್ ಕುಮಾರನ ಮೇಷ್ಟರ ಕೆಲಸ ಕಾಯಂ ಆಗುವುದಕ್ಕೆ ಒಂದೇ ಒಂದು ಉಣ್ಣೆ ಅಡ್ಡ ನಿಂತಿತ್ತು. ಮಂಡ್ಯದ ಅವನ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ದನದ ಮೈಮೇಲೆ ರಕ್ತ ಹೀರುವ ಗಟ್ಟಿ ಉಣ್ಣೆ ಸೀಸೆಗಟ್ಟಲೆ ಇತ್ತು. ಮೆದು ಉಣ್ಣೆ ಮಾತ್ರ ಇರಲಿಲ್ಲ. ಅದರ ಬೆನ್ನಿಗೆ ಚಿಪ್ಪಿಲ್ಲ, ಮೇಲಿಂದ ನೋಡಿದರೆ ತಲೆಯೂ ಕಾಣುವುದಿಲ್ಲ. ಕೋಳಿಗೂಡಿನ ಸಂದಿಯಲ್ಲಿ ಅಡಗಿರುತ್ತದೆ.

"ಸಂಜೆಯೊಳಗೆ ಬೆಸಗರಹಳ್ಳಿಯಿಂದ ಒಂದು ಜೀವಂತ ಮೆದು ಉಣ್ಣೆ ತಂದು ತೋರಿಸಿ, ಶಿಫಾರಸಿಗೆ ಸಹಿ ಹಾಕ್ತೀನಿ," ಎಂದಿದ್ದರು ಮುಖ್ಯಸ್ಥರಾದ ಯೋಗಾನರಸಿಂಹ.

ಬೆಳ್ಳುಳ್ಳಿಯನ್ನೂ ಮುಟ್ಟದ ಮನೆಯ ಸಂಪತ್ ಕುಮಾರ ಬೆಸಗರಹಳ್ಳಿಯಲ್ಲಿ ಬಸ್ಸಿಳಿದು, ಯಾರೂ ಇಲ್ಲದ್ದು ನೋಡಿ, ಮಂಗಳಮ್ಮ ಎಂಬಾಕೆಯ ಹಿತ್ತಲಿನ ಕೋಳಿಗೂಡಿಗೆ ಹೆಗಲವರೆಗೂ ಕೈ ಹಾಕಿದ. ಕೋಳಿಗಳು ಊರಿಗೆಲ್ಲ ಸುದ್ದಿ ಮುಟ್ಟಿಸಿದವು. ಮಂಗಳಮ್ಮ ಪೊರಕೆ ಹಿಡಿದು ಬಂದಳು.

"ಯಾಕ್ ಬುದ್ದಿ, ಮೊಟ್ಟೆಗಾ?"

"ಇಲ್ಲಮ್ಮ, ಉಣ್ಣೆಗೆ."

ಬೇಲಿಯಾಚೆ ಪಕ್ಕದ ಮನೆಯ ಕೆಂಪಸಿದ್ದಯ್ಯ ನಕ್ಕ. "ನಾಚ್ಕೋಬ್ಯಾಡಿ ಸ್ವಾಮಿ. ಮನೇಲಿ ತಿಳೀದಂಗೆ ತಿನ್ನೋರು ಬತ್ತಾನೇ ಇರ್ತಾರೆ. ಬನ್ನಿ, ನಮ್ಮನೇಲಿ ಕೋಳಿ ಸಾರು ಕುದೀತಾ ಅದೆ."

ಸಂಪತ್ ಕುಮಾರ ಬೆವರುತ್ತ ಮೆದು ಉಣ್ಣೆಯ ಲಕ್ಷಣವನ್ನೆಲ್ಲ ಪಾಠದಂತೆ ಒಪ್ಪಿಸಿದ.

"ಓ, ಆ ಚಪ್ಪಟೆ ಉಣ್ಣೆಯಾ?" ಎಂದಳು ಮಂಗಳಮ್ಮ. "ನೆನ್ನೆ ತಾನೆ ಸೀಮೆಣ್ಣೆ ಬಳ್ದು ಎಲ್ಲಾನೂ ಸಾಯ್ಸ್‌ಬುಟ್ಟೆ ಕಣಪ್ಪ. ಅಳೇ ಗೂಡಲ್ಲಿ ಮೊರದ ತುಂಬ ಇದ್ವು. ಅದ್ರ ಅಸಿರು ಬಣ್ಣದ ಅಲಗೆಗೋಳ್ನ ಓದ್ ವರ್ಸ ಮಂಡ್ಯದ ಮರಗೆಲ್ಸದ ಆಚಾರಿ ಕೊಂಡೋದ. ಎಮ್ಮೆ ಉಣ್ಣೆ ಬೇಕಾದ್ರೆ ಸೇರಲ್ಲಿ ಅಳ್ದು ಕೊಡ್ತೀನಿ."

ಮುಸ್ಸಂಜೆಗೆ ಅವನು ಕೂದಲಲ್ಲಿ ಕೋಳಿಪುಕ್ಕ ಸಿಕ್ಕಿಸಿಕೊಂಡು ಬರಿಗೈಯಲ್ಲಿ ಯೋಗಾನರಸಿಂಹರ ಮನೆಗೆ ಬಂದ. ಅವರ ತಾಯಿ ಆಂಡಾಳಮ್ಮ ಜಪ ಮುಗಿಸಿ ಕಾಲು ಕೆರೆದುಕೊಳ್ಳುತ್ತ ಎದ್ದರು. "ಈ ಮಣೆ ಮೇಲೆ ಕೂತರೆ ಏನೋ ಕಚ್ಚತ್ತೆ ಕಣೋ ನರಸಿಂಹ."

"ಸೊಳ್ಳೆ ಅಮ್ಮ."

ಆಕೆ ಮಣೆಯನ್ನು ಗೋಡೆಗೆ ಒರಗಿಸಿದರು. ಅದರ ಅಡಿ ಹಸಿರು ಬಣ್ಣವಿತ್ತು. ಸಂಪತ್ ಕುಮಾರನಿಗೆ ಮಂಗಳಮ್ಮನ ಮಾತು ನೆನಪಾಯಿತು. ಪೆನ್ಸಿಲಿನ ತುದಿಯಿಂದ ಸಂದಿ ಕೆದಕಿದ. ಚಪ್ಪಟೆ ಜೀವವೊಂದು ಅಂಗೈಗೆ ಬಿತ್ತು. ಚಿಪ್ಪಿಲ್ಲ, ತಲೆ ಕಾಣದು. ಅವನಿಗೆ ಕುಣಿಯುವಷ್ಟು ಸಂತೋಷವಾಯಿತು.

"ಸಾರ್, ಮೆದು ಉಣ್ಣೆ. ವರ್ಷಗಟ್ಟಲೆ ಉಪವಾಸ ಇರಬಲ್ಲದು. ಅಂದರೆ ಈ ಹಲಗೆ ಮೊದಲು ಕೋಳಿಗೂಡಿನ..."

"ಯಾವ ಗೂಡು?" ಎಂದರು ಆಂಡಾಳಮ್ಮ. "ದೇವಸ್ಥಾನದ ಹಳೇ ಬಾಗಿಲಿನ ಹಲಗೆ ಅಂತ ಇವನೇ ತಂದುಕೊಟ್ಟನಲ್ಲ?"

ಯೋಗಾನರಸಿಂಹರು ಕನ್ನಡಕ ಏರಿಸಿ ಹುಳುವನ್ನು ನೋಡಿದರು. ತಾಯಿಯನ್ನೂ ನೋಡಿದರು.

"ಇದು ತಿಗಣೆ."

"ಸಾರ್, ಎಂಟು ಕಾಲಿವೆ. ತಿಗಣೆಗೆ ಆರೇ."

"ತಿಗಣೆ ಅಂದೆನಲ್ಲ. ತಿಗಣೆಗೂ ಉಣ್ಣೆಗೂ ವ್ಯತ್ಯಾಸ ತಿಳಿಯದವರನ್ನ ಹೇಗ್ರೀ ಕಾಯಂ ಮಾಡಲಿ?"

"ಪಾಪ, ಬೈಬೇಡವೋ," ಎಂದು ನಿಟ್ಟುಸಿರಿಟ್ಟ ಆಂಡಾಳಮ್ಮ ಮಣೆಯನ್ನು ಸೆರಗಿನಿಂದ ಒರೆಸಿದರು. "ತಿಗಣೆ ಯಾರ ಮನೇಲಿಲ್ಲ?"

ಗೇಟಿನ ಬಳಿ ಯೋಗಾನರಸಿಂಹರು ಅವನ ಕಿವಿಯಲ್ಲಿ ಉಸುರಿದರು. "ಅಪ್ಪಟ ಮೆದು ಉಣ್ಣೆ ಕಣ್ರೀ. ಇಷ್ಟು ಒಳ್ಳೇದು ನಾನೂ ನೋಡಿರಲಿಲ್ಲ."

"ಹಾಗಾದರೆ ಸಹಿ, ಸಾರ್?"

"ಅಮ್ಮನ ಮುಂದೆ ತಿಗಣೆ ಅಂತ ಹೇಳಿಬಿಟ್ಟಿದ್ದೀನಲ್ಲ. ನಾಳೆ ಬೆಸಗರಹಳ್ಳಿಯಿಂದ ಬೇರೆ ತನ್ನಿ."

ಒಳಗಿನಿಂದ ಆಂಡಾಳಮ್ಮನವರ ದನಿ ಬಂತು. "ನರಸಿಂಹ, ಮತ್ತೆ ಕಚ್ಚಿತು ಕಣೋ."

"ತಿಗಣೆ ಅಮ್ಮ," ಎಂದು ಕೂಗಿ ಹೇಳಿ ಅವರು ಗೇಟು ಹಾಕಿಕೊಂಡರು.