ಖಾಲಿ ತಳ್ಳುಗಾಡಿಯ ಹಕ್ಕು

ಗುರುವಾರ ಬೆಳಿಗ್ಗೆ ಹತ್ತೂಕಾಲಿಗೆ ಮದಾಮ್ ಮೊಂತೇಲ್ ತಮ್ಮ ಒಂಟಿಗಾಲಿಯ ತಳ್ಳುಗಾಡಿಯನ್ನು ನೆವಿಲ್ ಪ್ಲಮ್‌ರಿಜ್‌ನ ಅಡುಗೆಮನೆಯ ಹಸಿ ಸಿಮೆಂಟಿನ ಮೇಲೆ ಉರುಳಿಸಿಕೊಂಡು ಹೋದರು. ಗಾಡಿಯಲ್ಲಿ ಏನೂ ಇರಲಿಲ್ಲ.

"ಬೋಂಜೂರ್ ನೆವಿಲಪ್ಪಾ. ನಿನ್ನ ನೆಲ ಇನ್ನೂ ಒಣಗೇ ಇಲ್ವಲ್ಲ" ಎಂದು, ತಪ್ಪೆಲ್ಲ ನೆಲದ್ದೇ ಎನ್ನುವ ಹಾಗೆ ಹೇಳಿ, ಹಿಂಬಾಗಿಲಿನಿಂದ ತಮ್ಮ ಹಿತ್ತಲಿಗೆ ಇಳಿದರು.

ಮೊಣಕಾಲೂರಿ ಕುಳಿತಿದ್ದ ನೆವಿಲ್ ಹಾಗೇ ಉಳಿದ. ಏಳು ಗಂಟೆಯಿಂದ ಅವನೂ ಮೇಸ್ತ್ರಿ ಸೆರ್ಜೂ ಸೇರಿ ಗಾಜಿನ ಹಾಗೆ ನಯ ಮಾಡಿದ್ದ ನೆಲ ಅದು. ಈಗ ಅದರ ನಡುವೆ ಬಾಗಿಲಿನಿಂದ ಬಾಗಿಲಿಗೆ ಗಾಲಿಯದೊಂದು ಗೀರು, ಗೀರಿನ ಎರಡು ಪಕ್ಕ ಮರದ ಮೆಟ್ಟುಗಳ ಗುರುತು. ಯಾರೋ ಅವಸರದಲ್ಲಿ ರೈಲುಹಳಿ ಹಾಕಿ ಹೋದಂತಿತ್ತು.

ಸಂಜೆ ಆರಕ್ಕೆ ಹೆಂಡತಿ ಗ್ಲೆನಿಸ್ ಬರುವವಳಿದ್ದಳು.

ಹಿಂದಿನ ಸಲ ಬಂದಿದ್ದು ಈಸ್ಟರಿಗೆ. ಬಚ್ಚಲುಮನೆ ಆಗಿರಲಿಲ್ಲವಾದ್ದರಿಂದ ಅಡುಗೆಮನೆಯಲ್ಲೇ ತೊಟ್ಟಿ ಇಟ್ಟುಕೊಂಡು ಸ್ನಾನಕ್ಕೆ ಕುಳಿತಿದ್ದಳು. ಆಗ ಮದಾಮ್ ಗಾಡಿ ತಳ್ಳಿಕೊಂಡು ಬಂದು, ತೊಟ್ಟಿಯ ಪಕ್ಕ ನಿಂತು, ನೀರಿಗೆ ಬೆರಳದ್ದಿ, "ಇಷ್ಟು ಬಿಸಿ ಒಳ್ಳೇದಲ್ಲಮ್ಮ, ಚರ್ಮ ಸುಕ್ಕಾಗುತ್ತೆ" ಎಂದು ಹೋಗಿದ್ದರು. ಗ್ಲೆನಿಸ್ ಮಾರನೆಯ ದಿನವೇ ತಮ್ಮೂರು ವುಲ್ವರ್‌ಹ್ಯಾಂಪ್ಟನ್‌ಗೆ ಹೊರಟಳು. ನಿನ್ನೆ ಫೋನಿನಲ್ಲಿ ಹೇಳಿದ್ದು ಇಷ್ಟೇ:

"ಆ ಹೆಂಗಸು ಇನ್ನೂ ನನ್ನ ಅಡುಗೆಮನೇಲಿ ಓಡಾಡ್ತಿದ್ರೆ, ಬಂದ ಟ್ಯಾಕ್ಸಿಯಲ್ಲೇ ವಾಪಸ್ ಹೋಗ್ತೀನಿ ನೆವಿಲ್. ಆಮೇಲೆ ನೀನುಂಟು, ನಿನ್ನ ಫ್ರಾನ್ಸುಂಟು."

ಮೂವತ್ತೆಂಟು ವರ್ಷದ ಸಂಸಾರ. ಗ್ಲೆನಿಸ್ ಸುಮ್ಮನೆ ಹೆದರಿಸುವವಳಲ್ಲ ಎಂದು ಅವನಿಗೆ ಗೊತ್ತಿತ್ತು.

ನೆವಿಲ್, ಸೆರ್ಜ್ ಇಬ್ಬರೂ ಮತ್ತೆ ನೆಲ ತಟ್ಟಿದರು, ಒರೆಸಿದರು, ನಯ ಮಾಡಿದರು. ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಕೆಲಸ ಮುಗಿಯಿತು. ಹನ್ನೆರಡಕ್ಕೆ ಎಂಟು ನಿಮಿಷ ಇರುವಾಗ ಹಿಂಬಾಗಿಲು ತೆರೆಯಿತು. ಹೋದವರು ಬರಬೇಕಲ್ಲ.

"ಮದಾಮ್, ಬೇಡಿ! ದಯವಿಟ್ಟು! ಗಾಡಿ ಖಾಲಿ ಇದೆ, ಹಿತ್ತಲಲ್ಲಿದ್ದ ನಿಮ್ಮ ಬಾತುಕೋಳಿಗಳು ಸತ್ತು ನಾಲ್ಕು ವರ್ಷ ಆಯ್ತಂತೆ. ಯಾಕೆ ದಿನಾ ಓಡಾಡ್ತೀರಿ?"

ಮದಾಮ್ ನೆಲದ ನಟ್ಟನಡುವೆ ಗಾಡಿ ನಿಲ್ಲಿಸಿ, ಸೊಂಟಕ್ಕೆ ಕೈಕೊಟ್ಟರು. ಮೆಟ್ಟುಗಳು ನಿಧಾನವಾಗಿ ಸಿಮೆಂಟಿನೊಳಗೆ ಇಳಿಯತೊಡಗಿದವು.

"ನೋಡಪ್ಪಾ, ಈ ಅಡುಗೆಮನೆ ಮೂಲಕ ಹಿತ್ತಲಿಗೆ ಹೋಗೋ ಹಕ್ಕು ನಮ್ಮಜ್ಜನ ಕಾಲದ್ದು, ಪತ್ರದಲ್ಲಿದೆ. ಮೂವತ್ತು ವರ್ಷ ಯಾರೂ ನಡೀದಿದ್ರೆ ಹಕ್ಕು ಸತ್ತುಹೋಗುತ್ತೆ. ಬಾತುಕೋಳಿ ಸಾಯ್ಲಿ, ಹಕ್ಕು ಸಾಯಬಾರ್ದು. ನನಗೇನು ಆಸೆಯಾ? ಎಂಬತ್ನಾಲ್ಕು ವರ್ಷ, ಮಂಡಿ ನೋವು."

ಅವರು ಹೋದ ಮೇಲೆ ನೆವಿಲ್ ಸೆರ್ಜನ ಕಡೆ ತಿರುಗಿದ. ಸೆರ್ಜ್ ಕರಣೆ ಕೆಳಗಿಟ್ಟು ಕೈ ತೊಳೆಯುತ್ತಿದ್ದ. ಹನ್ನೆರಡು ಹೊಡೆಯುತ್ತಿತ್ತು.

"ಸೆರ್ಜ್, ಈಗ ಹೋಗ್ಬೇಡ! ಸಿಮೆಂಟ್ ಒಣಗ್ತಿದೆ!"

"ಅಲ್ಲಿ ನನ್ನ ಸೂಪ್ ಆರ್ತಿದೆ ಯಜಮಾನ್ರೇ. ಎರಡು ಗಂಟೆಗೆ ಬರ್ತೀನಿ."

ಎರಡು ಗಂಟೆಗೆ ಸಿಮೆಂಟ್ ಕಲ್ಲಾಗಿತ್ತು. ಗಾಲಿಯ ಗೀರೂ ಮೆಟ್ಟಿನ ಗುಂಡಿಗಳೂ ಇನ್ನು ನೂರು ವರ್ಷಕ್ಕೆ ಭದ್ರ. ಸೆರ್ಜ್ ಬಾಗಿಲಲ್ಲೇ ನಿಂತು ನೋಡಿ, "ನೀರು ಹರಿಯೋಕೆ ಒಳ್ಳೇ ಇಳಿಜಾರು ಬಂದಿದೆ" ಎಂದ.

ಅಷ್ಟರಲ್ಲಿ ನೆವಿಲ್ ಈ ಊರಿನಲ್ಲಿ ಯಾರೂ ಮಾಡದ ಅಪರಾಧವನ್ನು ಮಾಡಿ ಬಂದಿದ್ದ: ಊಟದ ಹೊತ್ತಿಗೆ ಮೇಯರ್ ದ್ಯುಮೋ ಅವರ ಬಾಗಿಲು ಬಡಿದಿದ್ದ. ಕೊರಳಿಗೆ ಕೈವಸ್ತ್ರ ಸಿಕ್ಕಿಸಿಕೊಂಡ ಮೇಯರ್ ಮೊಲದ ತೊಡೆಯನ್ನು ಹಿಡಿದುಕೊಂಡೇ ಬಂದಿದ್ದರು.

"ಅಯ್ಯೋ, ಅದಕ್ಕೇನಂತೆ! ಹಕ್ಕು ಬಿಡೋಕೆ ಮದಾಮ್ ಯಾವಾಗಲೂ ರೆಡಿ. ನಿಮ್ಮ ಮನೆಯ ಹಿಂದಿನ ಯಜಮಾನನ ಕಾಲದಲ್ಲೇ ಕಾಗದ ಮಾಡ್ಸಿಟ್ಟಿದ್ದಾರೆ. ನೋಟರಿ ಇವತ್ತು ಮೂರಕ್ಕೆ ನಮ್ಮ ಕಚೇರಿಗೆ ಬರ್ತಾನೆ. ಬಂದು ಸಹಿ ಹಾಕಿ."

"ಹೌದಾ! ಮತ್ತೆ ಹಿಂದಿನ ಯಜಮಾನರು ಯಾಕೆ ಹಾಕ್ಲಿಲ್ಲ?"

ಮೇಯರ್ ಮೊಲದ ಮೂಳೆ ಚೀಪಿದರು. "ಅವನು ಓದ್ತಾ ಕೂತ."

ಓದುವುದರಲ್ಲಿ ನಿಧಾನದ ಮನುಷ್ಯನಿರಬೇಕು ಪಾಪ, ಎಂದುಕೊಂಡ ನೆವಿಲ್.

ಅವನಿಗೆ ಆ ತೊಂದರೆ ಇರಲಿಲ್ಲ. ಇಲ್ಲಿಗೆ ಬಂದ ಮೂರು ವರ್ಷದಲ್ಲಿ ಅವನು ಕಲಿತ ಫ್ರೆಂಚ್ ಮೊಳೆ, ಮರಳು, ಬ್ರೆಡ್ಡಿಗೆ ಸಾಲುತ್ತಿತ್ತು. ಉಳಿದದ್ದಕ್ಕೆಲ್ಲ ನಗುನಗುತ್ತಾ ತಲೆಯಾಡಿಸುತ್ತಿದ್ದ. ಮತ್ತೊಮ್ಮೆ ಹೇಳಿ ಎಂದರೆ ಎದುರಿನವರಿಗೆ ಬೇಸರವಾದೀತು ಎಂಬ ಭಯ. ಹಾಗೆ ತಲೆಯಾಡಿಸಿಯೇ ಒಮ್ಮೆ ಅರ್ಧ ಹಂದಿ ಕೊಂಡಿದ್ದ. ಇನ್ನೊಮ್ಮೆ ಬೇಟೆಗಾರರ ಸಂಘದ ಖಜಾಂಚಿಯಾಗಿದ್ದ.

ಮೂರು ಗಂಟೆಗೆ ಕಚೇರಿಯಲ್ಲಿ ಮದಾಮ್ ಚರ್ಚಿನ ಟೋಪಿ ಹಾಕಿಕೊಂಡು ಕುಳಿತಿದ್ದರು. ಜೊತೆಗೆ ಅವರ ಅಣ್ಣನ ಮಗ, ಮೇಯರ್, ಮತ್ತು ಏನೂ ಕೆಲಸವಿಲ್ಲದಿದ್ದರೂ ಸೆರ್ಜ್. ನೋಟರಿ ಹನ್ನೊಂದು ಪುಟಗಳನ್ನು ನಲವತ್ತು ನಿಮಿಷ ಓದಿದ. ಅವನ ದನಿ ಕಿಟಕಿಗೆ ಸಿಕ್ಕಿಕೊಂಡ ಜೇನುಹುಳುವಿನ ಹಾಗೆ ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ಪ್ರತಿ ಪುಟದ ಕೊನೆಗೆ ನೆವಿಲ್ ತಲೆಯಾಡಿಸಿದ. ಏಳನೆಯ ಪುಟದಲ್ಲಿ ನೋಟರಿ ನಿಲ್ಲಿಸಿ, ಕನ್ನಡಕ ತೆಗೆದು, "ಇದು ಪೂರ್ತಿ ಅರ್ಥ ಆಯ್ತಾ ಮೊಸಿಯೊ? ಇದು ಮುಖ್ಯ" ಎಂದ.

ನೆವಿಲ್‌ಗೆ ಕೇಳಬೇಕೆನಿಸಿತು. ಆದರೆ ಗಂಟೆ ಮೂರೂವರೆಯಾಗುತ್ತಿತ್ತು, ಎಲ್ಲರೂ ಅವನನ್ನೇ ನೋಡುತ್ತಿದ್ದರು, ಗ್ಲೆನಿಸ್ ರೈಲಿನಲ್ಲಿದ್ದಳು.

"ಆಯ್ತು, ಆಯ್ತು" ಎಂದ.

ಸೆರ್ಜ್ ಕೆಮ್ಮಿದ. ಮೇಯರ್ ಅವನ ಕಾಲು ತುಳಿದರು.

ಸಹಿಯಾಯಿತು. ಮದಾಮ್ ಅವನ ಎರಡೂ ಕೆನ್ನೆಗೆ ಮುತ್ತಿಟ್ಟು ಕಣ್ಣೊರೆಸಿಕೊಂಡರು. ಮೇಯರ್ ಬಾಟಲಿ ತೆರೆದರು. ಐದೂವರೆಗೆ ನೆವಿಲ್, ಮೂರು ವರ್ಷದಲ್ಲಿ ಮೊದಲ ಸಲ ಸೀಟಿ ಹೊಡೆಯುತ್ತಾ, ಮನೆಯ ಕಡೆ ನಡೆದ. ನೆಲ ಕೆಟ್ಟರೂ ಸರಿ, ಒಂದು ಕಂಬಳಿ ಹಾಸಿದರಾಯಿತು. ಅಡುಗೆಮನೆ ತನ್ನದು. ಗ್ಲೆನಿಸ್ ಉಳಿಯುತ್ತಾಳೆ.

ಮನೆಯ ಮುಂದಿನ ಅಂಗಳ ಅವನಿಗೆ ಬಹಳ ಪ್ರೀತಿಯದು. ಹೋದ ಬೇಸಿಗೆಯಲ್ಲಿ ಎರಡು ಟನ್ ಜಲ್ಲಿಯನ್ನು ಒಬ್ಬನೇ ಹರಡಿದ್ದ. ಮದಾಮ್ ಕುರ್ಚಿ ಹಾಕಿಕೊಂಡು, "ಆ ಮೂಲೆಗೆ ಇನ್ನೊಂದಿಷ್ಟು" ಎಂದು ತೋರಿಸಿಕೊಟ್ಟಿದ್ದರು. ಈಗ ಆ ಅಂಗಳದ ಎರಡು ಕಲ್ಲುಕಂಬಗಳ ನಡುವೆ ಅಣ್ಣನ ಮಗ ಸರಪಳಿ ಬಿಗಿದು ಬೀಗ ಹಾಕುತ್ತಿದ್ದ. ಆಚೆ ನೆವಿಲ್‌ನ ಕಾರು. ಕಾರಿನ ಆಚೆ ನೆವಿಲ್‌ನ ಬಾಗಿಲು. ಸರಪಳಿಯ ಹಿಂದೆ ಅದೇ ಕುರ್ಚಿಯಲ್ಲಿ ಮದಾಮ್, ಪಕ್ಕದಲ್ಲಿ ತಳ್ಳುಗಾಡಿ.

"ಮದಾಮ್, ಇದೇನು? ನನ್ನ ಅಂಗಳ..."

"ನನ್ನ ಅಂಗಳ ಅಪ್ಪಾ. ನಮ್ಮಜ್ಜನದು. ನಾವು ನಿಮ್ಮ ಅಡುಗೆಮನೇಲಿ ನಡೀಬಹುದು, ಅದಕ್ಕೆ ಬದಲು ನೀವು ನಮ್ಮ ಅಂಗಳದಲ್ಲಿ ನಡೀಬಹುದು ಅಂತ ಇತ್ತು. ಒಬ್ರು ಬಿಟ್ರೆ ಇಬ್ರದ್ದೂ ಹೋಯ್ತು. ಏಳನೇ ಪುಟ. ನೋಟರಿ ಕನ್ನಡಕ ತೆಗೆದು ಕೇಳಿದ್ನಲ್ಲ?"

"ಹಾಗಾದ್ರೆ ಹಿಂದಿನಿಂದ..."

"ಹಿಂದಿನ ಹಿತ್ತಲೂ ನನ್ನದೇ. ಅದಕ್ಕೆ ಆಚೆ ರಸ್ತೆ ಕಡೆ ಗೇಟು ಇಟ್ಟು ಎಷ್ಟೋ ವರ್ಷ ಆಯ್ತು. ನನಗೆ ತೊಂದರೆ ಇಲ್ಲಪ್ಪಾ, ನೀನು ಕೊರಗ್ಬೇಡ."

ದಾರಿಯಲ್ಲಿ ಬಂದ ಮೇಯರ್ ಸಮಾಧಾನ ಹೇಳಿದರು. "ಕೋರ್ಟಿಗೆ ಹೋಗಿ ನೆವಿಲ್. ಕಾನೂನು ದಾರಿ ಕೊಟ್ಟೇ ಕೊಡುತ್ತೆ. ಏಳೆಂಟು ವರ್ಷ, ಜಾಸ್ತಿ ಅಂದ್ರೆ ಹತ್ತು."

ನೆವಿಲ್ ಸರಪಳಿ ಹಿಡಿದು ಜಲ್ಲಿಯ ಅಂಚಿನಲ್ಲಿ ಮಂಡಿಯೂರಿದ. "ಮದಾಮ್, ಹಕ್ಕು ವಾಪಸ್ ತಗೊಳ್ಳಿ. ದಿನಕ್ಕೆ ಹತ್ತು ಸಲ ಓಡಾಡಿ. ಬೇಕಾದ್ರೆ ಗಾಡಿ ನಾನೇ ತಳ್ತೀನಿ!"

"ಆಗ್ಲಪ್ಪಾ, ನನಗೇನು. ನೋಟರಿ ಮುಂದಿನ ತಿಂಗಳು ಬರ್ತಾನಲ್ಲ, ಆಗ ನೋಡೋಣ" ಎಂದು ಮದಾಮ್ ಹೆಣಿಗೆ ಎತ್ತಿಕೊಂಡರು. "ಆದ್ರೆ ನಾನು ಓಡಾಡಿದ್ರೆ ನಿನ್ನ ಹೆಂಡ್ತಿಗೆ ಆಗಲ್ವಂತಲ್ಲ. ಮೊದಲು ಅವಳನ್ನ ಒಂದು ಮಾತು ಕೇಳು."

ಹಿಂದೆ ಟ್ಯಾಕ್ಸಿಯ ಹಾರ್ನ್ ಕೇಳಿಸಿತು. ಗ್ಲೆನಿಸ್ ಎರಡು ದೊಡ್ಡ ಪೆಟ್ಟಿಗೆಗಳೊಂದಿಗೆ ಇಳಿದಳು. ಈ ಸಲ ಎರಡು ಪೆಟ್ಟಿಗೆ. ಉಳಿಯಲೆಂದೇ ಬಂದಿದ್ದಳು.

"ಒಂದೇ ಪ್ರಶ್ನೆ, ನೆವಿಲ್. ಆಕೆ ಇನ್ನೂ ನಮ್ಮ ಅಡುಗೆಮನೇಲಿ ಓಡಾಡ್ತಾಳಾ?"

"ಇಲ್ಲ" ಎಂದ ನೆವಿಲ್. "ಇನ್ನು ಯಾವತ್ತೂ ಇಲ್ಲ."

ಗ್ಲೆನಿಸ್‌ಳ ಮುಖ ಅರಳಿತು. ಮೂವತ್ತೆಂಟು ವರ್ಷದಲ್ಲಿ ಗಂಡನನ್ನು ಹಾಗೆ ನೋಡಿದ್ದು ಎರಡೋ ಮೂರೋ ಸಲ ಇರಬೇಕು.

"ಅಂತೂ ಒಂದು ಕೆಲಸ ಸರಿಯಾಗಿ ಮಾಡ್ದೆ. ಸರಿ, ಆ ಸರಪಳಿ ತೆಗಿ, ಒಳಗೆ ಹೋಗೋಣ."

ಟ್ಯಾಕ್ಸಿಯವನು ಇನ್ನೂ ಎಂಜಿನ್ ಆರಿಸಿರಲಿಲ್ಲ.